ಓದುಗರ ಪ್ರಶ್ನೆ: ಊರಿನ ಪಾರ್ಕನ್ನ ಸಸ್ಯೋದ್ಯಾನ ಮಾಡೋಕೆ ಹೊರಟವರಿಗೆ

ಈ ತಿಂಗಳು ಕೊಡಗಿನ ಕಡೆಯಿಂದ ಬಂದ ಪ್ರಶ್ನೆಗಳೆಲ್ಲ ಹೆಚ್ಚುಕಮ್ಮಿ ಒಂದೇ ವಿಷಯದ ಸುತ್ತ ಇವೆ, ಸದಸ್ಯರನ್ನ ಸೇರಿಸ್ಕೊಂಡು ಸಾರ್ವಜನಿಕ ಸಸ್ಯೋದ್ಯಾನ ನಡೆಸೋದು ಹೇಗೆ ಅಂತ. ಅದಕ್ಕೇ ಈ ಸಲ ಬೇರೆ ವಿಷಯ ತಗೊಳ್ದೆ ಇವನ್ನೇ ಒಟ್ಟಿಗೆ ತಗೊಂಡಿದ್ದೀನಿ.

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮೂರಲ್ಲಿ ಪಟ್ಟಣ ಪಂಚಾಯಿತಿಗೆ ಸೇರಿದ ಮೂರು ಎಕರೆ ಪಾರ್ಕ್ ಇದೆ, ಹಳೇ ಮರಗಳು ಚೆನ್ನಾಗಿವೆ, ನೋಡ್ಕೊಳ್ಳೋಕೆ ಮಾತ್ರ ಒಬ್ಬರೇ ಮಾಲಿ. ರಿಟೈರ್ ಆದೋರು, ಬೆಳೆಗಾರರು, ಟೀಚರ್‌ಗಳು ಸೇರಿ ಒಂದು ಬಳಗ ಕಟ್ಟಿ ಅದನ್ನ ಬೊಟಾನಿಕಲ್ ಗಾರ್ಡನ್ ಮಾಡೋಣ ಅಂತಿದ್ದೀವಿ. ಪಾರ್ಕನ್ನೇ ನಮ್ಮ ಕೈಗೆ ಕೊಡಿ ಅಂತ ಕೇಳೋದಾ? ಫೀಸ್ ಎಷ್ಟು ಇಡೋದು? — ಓದುಗರು, ಸೋಮವಾರಪೇಟೆ

ಉತ್ತರ: ಪಾರ್ಕನ್ನ ನಿಮ್ಮ ಕೈಗೆ ತಗೊಳ್ಬೇಡಿ. ಇದನ್ನ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ಉತ್ಸಾಹ ಇರೋವಾಗ ಎಲ್ಲರೂ ಕೇಳೋದು ಇದನ್ನೇ.

ಬೆಂಗಳೂರಿನ ಲಾಲ್‌ಬಾಗ್ ಕಥೆ ನೋಡಿ. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ ಅದು, 1836ರಲ್ಲಿ ಒಂದು ಕೃಷಿ-ತೋಟಗಾರಿಕೆ ಸೊಸೈಟಿ ಕೈಗೆ ಹೋಯ್ತು, 1842ರ ಹೊತ್ತಿಗೆ ಆ ಸೊಸೈಟಿನೇ ಮುಚ್ಚಿ ತೋಟ ವಾಪಸ್ ಸರ್ಕಾರಕ್ಕೆ ಬಂತು. ಸಿಂಗಾಪುರದ ಬೊಟಾನಿಕ್ ಗಾರ್ಡನ್ 2015ರಿಂದ ಯುನೆಸ್ಕೋ ಪಟ್ಟಿಲಿದೆ, ಅದನ್ನ 1859ರಲ್ಲಿ ಕಟ್ಟಿದ್ದೂ ಚಂದಾ ಕೊಡೋ ಸದಸ್ಯರ ಒಂದು ಸೊಸೈಟಿನೇ, ಆದ್ರೆ ಸಾಲ ತೀರಿಸೋಕಾಗ್ದೆ 1874ರಲ್ಲಿ ಸರ್ಕಾರಕ್ಕೆ ಒಪ್ಪಿಸ್ಬೇಕಾಯ್ತು. ಅವರಲ್ಲಿ ಆಸಕ್ತಿ ಕಮ್ಮಿ ಇತ್ತು ಅಂತಲ್ಲ, ತೋಟದ ಖರ್ಚು ಪ್ರತಿ ತಿಂಗಳೂ ಬರುತ್ತೆ, ಚಂದಾ ಮಾತ್ರ ಜನರಿಗೆ ಮನಸ್ಸು ಬಂದಾಗ ಬರುತ್ತೆ, ಅಷ್ಟೇ. ಅದೇ ಲಾಲ್‌ಬಾಗ್‌ನಲ್ಲಿ 1912ರಲ್ಲಿ ಶುರುವಾದ ಮೈಸೂರು ಉದ್ಯಾನ ಕಲಾ ಸಂಘ ಇವತ್ತಿಗೂ ತೋಟಗಾರಿಕೆ ಇಲಾಖೆ ಜೊತೆ ಸೇರಿ ಜನವರಿ, ಆಗಸ್ಟ್ ಫಲಪುಷ್ಪ ಪ್ರದರ್ಶನ ನಡೆಸ್ತಾ ಬಂದಿದೆ. ಜಾಗ, ಸಂಬಳ ಸರ್ಕಾರದ್ದು, ಜೊತೆಗೆ ನಿಲ್ಲೋದು ಸಂಘ, ಈ ಏರ್ಪಾಟೇ ಬಾಳಿಕೆ ಬಂದಿರೋದು.

ಹಾಗಾಗಿ ಪಟ್ಟಣ ಪಂಚಾಯಿತಿ ಜೊತೆ ಒಂದು ಲಿಖಿತ ಒಪ್ಪಂದ ಮಾಡ್ಕೊಳ್ಳಿ. ಗಿಡ ನೆಡೋದು ಯಾರನ್ನ ಕೇಳಿ, ಕೊಂಬೆ ಕಡಿಯೋದು ಯಾರ ಅಪ್ಪಣೆ ಮೇಲೆ, ನೀರು-ಕರೆಂಟ್ ಬಿಲ್ ಯಾರದ್ದು, ಇವೆಲ್ಲ ಅದರಲ್ಲಿ ಇರ್ಲಿ. ಪುರಸಭೆ, ಪಂಚಾಯಿತಿ ಪಾರ್ಕ್‌ಗಳಿಗೆ 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ ಇದೆ, ತೋಟಗಾರಿಕೆ ಇಲಾಖೆ ಉದ್ಯಾನಗಳಿಗೆ 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಇದೆ, ಅವನ್ನ ಒಂದ್ಸಲ ಓದ್ಕೊಂಡೇ ಮಾತಿಗೆ ಕೂತ್ಕೊಳ್ಳಿ. ಬಳಗವನ್ನ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಕೆಳಗೆ ರಿಜಿಸ್ಟರ್ ಮಾಡ್ಸಿ, ಏಳು ಜನ ಇದ್ರೆ ಸಾಕು, ಆದ್ರೆ ಪ್ರತಿ ವರ್ಷ ಮಹಾಸಭೆ ಕರೆದು ಲೆಕ್ಕ ಒಪ್ಪಿಸಿ ರಿಜಿಸ್ಟ್ರಾರ್‌ಗೆ ಕಳಿಸ್ಲೇಬೇಕು.

ಫೀಸ್ ವಿಷಯ. ಕುಟುಂಬಕ್ಕೆ ವರ್ಷಕ್ಕೆ ಸಾವಿರ, ವಿದ್ಯಾರ್ಥಿಗಳಿಗೆ ನೂರು, ಇಷ್ಟರಲ್ಲೇ ಇಟ್ಕೊಳ್ಳಿ. ಆಜೀವ ಸದಸ್ಯತ್ವ ಅಂತ ಒಂದೇ ಸಲ ದೊಡ್ಡ ಮೊತ್ತ ತಗೊಂಡು ಅದನ್ನ ಆ ವರ್ಷವೇ ಖರ್ಚು ಮಾಡೋದು ಬೇಡ್ವೇ ಬೇಡ, ದುಡ್ಡು ಮುಗಿದ್ಮೇಲೂ ಸದಸ್ಯರು ಇರ್ತಾರೆ, ತೋಟನೂ ಇರುತ್ತೆ. ತಗೊಂಡ್ರೆ ಎಫ್‌ಡಿ ಇಟ್ಟು ಬಡ್ಡಿ ಮಾತ್ರ ಮುಟ್ಟಿ. ಚಂದಾಕ್ಕೆ ಒಂದು ರಸೀದಿ ಪುಸ್ತಕ, ದೇಣಿಗೆಗೆ ಇನ್ನೊಂದು. ಮುಂದೆ ಆದಾಯ ತೆರಿಗೆ ಇಲಾಖೆಯಿಂದ 80ಜಿ ಅಂತ ಕರೆಯೋ ದೇಣಿಗೆ ಮಾನ್ಯತೆ ಸಿಕ್ಕಿದ್ರೆ ಟ್ಯಾಕ್ಸ್ ವಿನಾಯ್ತಿ ಸಿಗೋದು ದೇಣಿಗೆಗೆ, ಅದೂ ಎರಡು ಸಾವಿರಕ್ಕಿಂತ ಜಾಸ್ತಿ ಕ್ಯಾಶ್ ಕೊಟ್ರೆ ಸಿಗಲ್ಲ.

ಇನ್ನು ಬಂದ ದುಡ್ಡಿನಲ್ಲಿ ಏನ್ ಮಾಡೋದು? ಕಮಾನು, ಕಾರಂಜಿ, ಸೆಲ್ಫಿ ಪಾಯಿಂಟ್ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ನನ್ನ ಪ್ರಕಾರ ಮೊದಲ ದುಡ್ಡು ಹೋಗ್ಬೇಕಿರೋದು ಎರಡೇ ಕಡೆ, ಒಂದು ಮಾಲಿಯವರ ಜೊತೆಗೆ ಇನ್ನೊಬ್ಬ ಕೆಲಸದವರಿಗೆ, ಇನ್ನೊಂದು ಗಿಡಗಳ ರಿಜಿಸ್ಟರ್‌ಗೆ. ನಮ್ಮ ಜಿಲ್ಲೆಯ ಕಷ್ಟ ನಿಮಗೇ ಗೊತ್ತು, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕುಯ್ಲು, ಆಗ ದಿನಗೂಲಿಗೆ ಜನ ಸಿಗಲ್ಲ, ಸಿಕ್ಕೋರೂ ತೋಟಗಳಿಗೆ ಹೋಗ್ತಾರೆ, ಅದು ತಪ್ಪೇನಲ್ಲ, ಕೂಲಿ ಅಲ್ಲಿ ಜಾಸ್ತಿ. ಆದ್ರೆ ಸಸಿಗಳು ನೀರಿಲ್ದೆ ಸಾಯೋದೂ ಅದೇ ತಿಂಗಳಲ್ಲಿ, ಹೂಮಳೆ (ಕಾಫಿ ಹೂ ಅರಳಿಸೋ ಬೇಸಿಗೆ ಮಳೆ) ಬರೋವರೆಗೆ. ಮಳೆಗಾಲದಲ್ಲಿ ಐನೂರು ಸಸಿ ನೆಟ್ಟು ಫೋಟೋ ತೆಗೆಸ್ಕೊಂಡ ಎಷ್ಟೋ ಜಾಗಗಳಲ್ಲಿ ಮಾರ್ಚ್ ಹೊತ್ತಿಗೆ ಗೂಟ ಮಾತ್ರ ಉಳಿದಿರುತ್ತೆ. ಆ ನಾಲ್ಕು ತಿಂಗಳ ಕೂಲಿಯನ್ನ ಸದಸ್ಯರ ಚಂದಾದಲ್ಲಿ ಮೊದಲೇ ಎತ್ತಿಡಿ, ಉಳಿದ್ರೆ ಬೇರೆಯದಕ್ಕೆ.

ರಿಜಿಸ್ಟರ್ ಯಾಕೆ ಅಂದ್ರೆ, ಪಾರ್ಕ್‌ಗೂ ಸಸ್ಯೋದ್ಯಾನಕ್ಕೂ ಇರೋ ವ್ಯತ್ಯಾಸನೇ ಅದು. ಜಗತ್ತಿನ ಸಸ್ಯೋದ್ಯಾನಗಳನ್ನ ಒಟ್ಟುಗೂಡಿಸೋ ಬಿಜಿಸಿಐ ಅನ್ನೋ ಸಂಸ್ಥೆ 1987ರಿಂದ ಇದೆ, ಅದು ಹೇಳೋದೂ ಇದನ್ನೇ, ದಾಖಲೆ ಇಟ್ಟಿರೋ ಜೀವಂತ ಗಿಡಗಳ ಸಂಗ್ರಹ ಇದ್ದು, ಅದು ಸಂಶೋಧನೆ, ಸಂರಕ್ಷಣೆ, ಪ್ರದರ್ಶನ, ಶಿಕ್ಷಣಕ್ಕೆ ಉಪಯೋಗ ಆಗ್ಬೇಕು. ಕಾಫಿ ತೋಟದ ರೈಟರ್ (ಲೆಕ್ಕ ಬರೆಯೋರು) ಚೆಕ್‌ರೋಲ್ (ಕೆಲಸದವರ ಹಾಜರಿ ಪುಸ್ತಕ) ಬರೆದ ಹಾಗೆ ಒಂದೊಂದು ಗಿಡಕ್ಕೂ ಒಂದು ಸಾಲು: ನಂಬರು (2025-014 ಅಂದ್ರೆ ಆ ವರ್ಷ ಬಂದ ಹದಿನಾಲ್ಕನೇದು), ಹೆಸರು, ಯಾವ ಊರಿಂದ ಬಂತು, ಯಾರು ಕೊಟ್ರು, ಬೀಜನಾ ಕಡ್ಡಿನಾ ಸಸಿನಾ, ಎಲ್ಲಿ ನೆಟ್ವಿ, ಆಮೇಲೆ ಏನಾಯ್ತು. ಸತ್ತ ಗಿಡದ ಸಾಲನ್ನ ಹೊಡೆದು ಹಾಕ್ಬೇಡಿ, ಯಾವ ತಿಂಗಳು ಯಾಕೆ ಸತ್ತಿತು ಅಂತ ಬರೀರಿ, ಮುಂದಿನ ಸಲ ನೆಡೋರಿಗೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ. ನಿಮ್ಮ ಬಳಗದಲ್ಲಿ ರಿಟೈರ್ಡ್ ಟೀಚರ್‌ಗಳಿದ್ದಾರಲ್ಲ, ಈ ಕೆಲಸ ಅವರಿಗೇ ಕೊಡಿ.

ಪ್ರಶ್ನೆ: ನಮ್ಮ ಉದ್ಯಾನದಲ್ಲಿ ಮರಗಳಿಗೆ ತಗಡಿನ ಬೋರ್ಡ್ ಹೊಡೆದಿದ್ದಾರೆ. ಒಂದೆರಡು ಮಳೆಗಾಲಕ್ಕೇ ಅಕ್ಷರ ಕಾಣಲ್ಲ. ಸದಸ್ಯರ ದುಡ್ಡಲ್ಲಿ ಹೊಸದು ಮಾಡ್ಸೋಣ ಅಂತಿದ್ದೀವಿ, ಯಾವ್ದು ಒಳ್ಳೇದು? — ಓದುಗರು, ಮಡಿಕೇರಿ

ಉತ್ತರ: ಮೊದಲು ಆ ಮೊಳೆಗಳನ್ನ ನೋಡಿ. ಹಳೇ ನಂದಿ ಮರಕ್ಕೆ ಹೊಡೆದ ಬೋರ್ಡ್ ಇದ್ರೆ ಹತ್ತಿರ ಹೋಗಿ, ಮರ ದಪ್ಪ ಆಗ್ತಾ ಆಗ್ತಾ ತೊಗಟೆ ತಗಡಿನ ಅಂಚನ್ನ ಹೇಗೆ ನುಂಗಿದೆ, ಮೊಳೆ ಸುತ್ತ ತುಕ್ಕಿನ ನೀರು ಇಳಿದು ಕಪ್ಪು ಗೆರೆ ಹೇಗೆ ಬಿದ್ದಿದೆ ಅಂತ ಕಾಣುತ್ತೆ. ನಂದಿ ತೊಗಟೆ ಬೆಳ್ಳಗೆ ನುಣುಪಾಗಿ ಇರೋದ್ರಿಂದ ಇನ್ನೂ ಎದ್ದು ಕಾಣುತ್ತೆ. ಆ ಗಾಯದಲ್ಲಿ ಕೊಳೆ ಶುರುವಾಗುತ್ತೆ. ಹಾಗಂತ ಒಳಗೆ ಹೋಗಿರೋದನ್ನ ಕಿತ್ತು ಇನ್ನೂ ದೊಡ್ಡ ಗಾಯ ಮಾಡ್ಬೇಡಿ, ಹೊರಗಿರೋ ಭಾಗ ಮಾತ್ರ ಕತ್ತರಿಸಿ ತೆಗೀರಿ.

ವರ್ಷಕ್ಕೆ 3000 ಮಿಲಿಮೀಟರ್ ದಾಟೋ ಮಳೆಗೆ ಲ್ಯಾಮಿನೇಷನ್ ನಿಲ್ಲಲ್ಲ, ತೂತಿನಿಂದ ನೀರು ಒಳಗೆ ಹೋಗಿ ಪಾಚಿ ಕಟ್ಟುತ್ತೆ. ಅಲ್ಯೂಮಿನಿಯಂ ಪಟ್ಟಿ ಮೇಲೆ ಅಕ್ಷರ ಕುಟ್ಟಿ ಒತ್ತಿದ್ದು ಬಾಳಿಕೆ ಬರುತ್ತೆ, ಬಣ್ಣ ಹೋದ್ರೂ ಬೆರಳಲ್ಲಿ ಸವರಿ ಓದ್ಬಹುದು. ದೊಡ್ಡ ಮರಕ್ಕೆ ಸ್ಟೀಲ್ ಸ್ಪ್ರಿಂಗ್ ಹಾಕಿ ಸಡಿಲವಾಗಿ ಕಟ್ಟಿ, ಮರ ದಪ್ಪ ಆದ ಹಾಗೆ ಸ್ಪ್ರಿಂಗ್ ಎಳೆದುಕೊಳ್ಳುತ್ತೆ, ವರ್ಷಕ್ಕೊಂದ್ಸಲ ನೋಡಿ ಸಡಿಲಿಸಿ. ಗಿಡಗಳಿಗೆ ಬುಡದ ಪಕ್ಕ ಗೂಟ ಸಾಕು. ಹೆಸರು ಕನ್ನಡದಲ್ಲಿ, ಕೊಡವ ತಕ್ಕ್‌ನಲ್ಲಿ, ಆಮೇಲೆ ವೈಜ್ಞಾನಿಕ ಹೆಸರು, ಮೂಲ ಊರು, ರಿಜಿಸ್ಟರ್ ನಂಬರು. ಮೂಲ ಊರು ಮರೀಬೇಡಿ. ಸಿಲ್ವರ್ ಓಕ್ ಆಸ್ಟ್ರೇಲಿಯಾದಿಂದ ಬಂದಿದ್ದು ಅಂತ ನಮ್ಮ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ, ಹುಟ್ಟಿದಾಗಿಂದ ಅದರ ಮೇಲೆ ಮೆಣಸಿನ ಬಳ್ಳಿ ನೋಡ್ತಾ ಬೆಳೆದಿರ್ತಾರೆ, ಊರಿನ ಮರ ಅಂತಲೇ ಅಂದ್ಕೊಂಡಿರ್ತಾರೆ.

ಪ್ರಶ್ನೆ: ಸದಸ್ಯರು ಮನೆಯಿಂದ ಗಿಡ ತಂದು ಕೊಡ್ತಾರೆ, ಬೇಡ ಅಂದ್ರೆ ಬೇಜಾರು. ಒಬ್ಬರು ಕಾಡಿಂದ ಸೀತಾಳೆ ದಂಡೆ (ಮರದ ಮೇಲೆ ಬೆಳೆಯೋ ಆರ್ಕಿಡ್) ತಂದು ಕೊಡ್ತೀನಿ ಅಂತಿದ್ದಾರೆ. ಏನ್ ಮಾಡೋದು? — ಓದುಗರು, ವಿರಾಜಪೇಟೆ

ಉತ್ತರ: ಕಾಡಿಂದ ತರೋದಕ್ಕೆ ಖಂಡಿತ ಬೇಡ ಅನ್ನಿ. ಅರಣ್ಯದಿಂದ ಅನುಮತಿ ಇಲ್ಲದೆ ಗಿಡ ಕೀಳೋದು ಅಪರಾಧ, ಜೊತೆಗೆ ಮರದ ಮೇಲಿಂದ ಕಿತ್ತ ಆರ್ಕಿಡ್ ಬೇರು ಹರಿದು ಬಹಳಷ್ಟು ಸಲ ಉಳಿಯೋದೂ ಇಲ್ಲ. ಬಿರುಗಾಳಿಗೆ ಬಿದ್ದ ತೋಟದ ಮರದ ಕೊಂಬೆ ಮೇಲೆ ಇದ್ರೆ ಕೊಂಬೆ ಸಮೇತ ತನ್ನಿ, ಮಾಲೀಕರ ಹೆಸರು ರಿಜಿಸ್ಟರ್‌ಗೆ ಬರೀರಿ.

ಮನೆ ಗಿಡಗಳಿಗೆ ವರ್ಷದಲ್ಲಿ ಎರಡು ದಿನ ಗೊತ್ತು ಮಾಡಿ, ಆವತ್ತು ತಂದಿದ್ದನ್ನ ಮೂರು ಜನರ ಸಮಿತಿ ನೋಡ್ಲಿ. ಉದ್ಯಾನಕ್ಕೆ ಬೇಡದ ಗುಲಾಬಿ, ಆಂಥೂರಿಯಂ ಎಲ್ಲ ಜೂನ್ ಮೊದಲ ವಾರದ ಸಸಿ ಮಾರಾಟಕ್ಕೆ ಇಡಿ, ದುಡ್ಡು ಬಳಗಕ್ಕೆ, ಕೊಟ್ಟವರಿಗೂ ಸಮಾಧಾನ.

ಪ್ರಶ್ನೆ: ಮೇಡಂ, ನಾನು ಅರಣ್ಯ ಕಾಲೇಜಿನ ವಿದ್ಯಾರ್ಥಿನಿ. ಕೊಡಗಿನಲ್ಲಿ ಸಸ್ಯೋದ್ಯಾನ ಅಂದ್ರೆ ಯಾವ ಗಿಡಗಳು ಇರ್ಲೇಬೇಕು? ಸದಸ್ಯರಾಗಿ ನಮ್ಮಂಥವರು ದುಡ್ಡು ಬಿಟ್ಟು ಏನ್ ಕೊಡ್ಬಹುದು? — ಓದುಗರು, ಪೊನ್ನಂಪೇಟೆ

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯ್ತು. ಬೇರೆ ಊರಿನ ಉದ್ಯಾನದಲ್ಲಿ ಸಿಗೋದನ್ನೇ ಇಲ್ಲೂ ನೆಟ್ರೆ ಏನ್ ಬಂತು, ನಮ್ಮ ಹಬ್ಬ, ಅಡುಗೆ, ಮನೆ ಮದ್ದಿನಲ್ಲಿರೋ ಗಿಡಗಳಿಂದ ಶುರು ಮಾಡಿ ಅನ್ನೋದು ನನ್ನ ಆಸೆ. ಕಕ್ಕಡ ಪದ್‌ನೆಟ್ಟ್‌ಗೆ, ಅಂದ್ರೆ ಕಕ್ಕಡ ತಿಂಗಳ ಹದಿನೆಂಟನೇ ದಿನ ಆಗಸ್ಟ್ 3ಕ್ಕೆ, ಪಾಯಸ ಮಾಡೋ ಮದ್ದ್ ತೊಪ್ಪು ಇರ್ಲಿ, ಸೊಪ್ಪು ಕುದಿಸಿದ್ರೆ ನೀರು ನೇರಳೆ ಬಣ್ಣಕ್ಕೆ ತಿರುಗೋದನ್ನ ಆವತ್ತು ಉದ್ಯಾನದಲ್ಲೇ ಮಕ್ಕಳಿಗೆ ತೋರಿಸ್ಬಹುದು. ಕೈಲ್‌ಪೊಳ್ದ್‌ಗೆ (ಕೊಡವರ ಆಯುಧ ಪೂಜೆ ಹಬ್ಬ) ಕೋವಿಗೆ ಮುಡಿಸೋ ತೋಕ್ ಪೂ (ಕೋವಿ ಹೂ) ಇರ್ಲಿ, ಆದ್ರೆ ಅದರ ಗೆಡ್ಡೆ ಕಡು ವಿಷ, ಬೋರ್ಡ್ ಮೇಲೆ ಅದನ್ನ ದೊಡ್ಡದಾಗಿ ಬರೀಬೇಕು, ಬೇಲಿ ಒಳಗೇ ನೆಡಬೇಕು. ಕಾಚಂಪುಳಿ (ಅಡುಗೆಗೆ ಹಾಕೋ ಕಪ್ಪು ಹುಳಿ) ಕಾಯಿಸೋ ಹಣ್ಣಿನ ಮರ, ಕಾಡು ಮಾವು, ಹೆಬ್ಬಲಸು, ಬಳಂಜಿ, ಬೀಟೆ, ಕೊಡಗಿನ ಕಿತ್ತಳೆಯ ಹಳೇ ಮರದಿಂದ ತೆಗೆದ ಸಸಿ, ಇಷ್ಟಕ್ಕೇ ಒಂದು ಎಕರೆ ತುಂಬುತ್ತೆ.

ದುಡ್ಡಿನ ಬದಲು ನೀವು ಕೊಡ್ಬೇಕಾಗಿರೋದು ಬೀಜದ ಕೆಲಸ, ನಿಜವಾಗ್ಲೂ ಕೈ ಸಾಲದಿರೋದು ಅಲ್ಲೇ. ಸಾಲುಧೂಪದ ಬೀಜ ಮಳೆ ಹಿಡಿಯೋ ಹೊತ್ತಿಗೆ ಉದುರುತ್ತೆ, ಒಂದೊಂದು ಮೊಟ್ಟೆ ಗಾತ್ರ. ಅದನ್ನ ನಂದಿ ಬೀಜದ ಹಾಗೆ ಒಣಗಿಸಿ ಡಬ್ಬಿಲಿ ಇಡೋಕಾಗಲ್ಲ, ಒಣಗಿದ್ರೆ ಸತ್ತೇ ಹೋಗುತ್ತೆ. ರಾಂಪತ್ರೆನೂ ಅಷ್ಟೇ. ಬಿದ್ದ ವಾರದೊಳಗೆ ಆರಿಸಿ, ಒದ್ದೆ ಎಲೆ ಸುತ್ತಿ ತಂದು, ನೆರಳಲ್ಲಿ ತರಗೆಲೆ ಮಣ್ಣು ತುಂಬಿದ ಉದ್ದನೆ ಪಾಲಿಥೀನ್ ಚೀಲಕ್ಕೆ ಬೀಜ ಅರ್ಧ ಮಾತ್ರ ಮುಚ್ಚೋ ಹಾಗೆ ಹಾಕ್ಬೇಕು. ಯಾವ ಮರ ಯಾವಾಗ ಹೂ ಬಿಡ್ತು, ಯಾವಾಗ ಕಾಯಿ ಉದುರಿಸ್ತು ಅಂತ ನಿಮ್ಮ ಬ್ಯಾಚ್‌ನವರು ವಾರಕ್ಕೊಂದ್ಸಲ ನೋಡಿ ಬರೆದಿಟ್ರೆ ಮಾಲಿಯವರಿಗೆ ಯಾವ ವಾರ ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಾಗುತ್ತೆ. ಕೊಡಗಿನಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ, ಒಳ್ಳೇ ತಾಯಿಮರಗಳು ಅಲ್ಲೇ ಇರೋದು, ಆದ್ರೆ ದೇವತಕ್ಕರನ್ನೂ (ದೇವಸ್ಥಾನದ ಮುಖ್ಯಸ್ಥರು) ಅರಣ್ಯ ಇಲಾಖೆಯನ್ನೂ ಎರಡೂ ಕಡೆ ಕೇಳದೆ ಒಂದು ಬೀಜನೂ ಮುಟ್ಬೇಡಿ.

ಪಕ್ಕದ ವಯನಾಡಿಗೆ ಹೋಗೋಕಾದ್ರೆ ಗುರುಕುಲ ಸಸ್ಯಧಾಮ ನೋಡ್ಕೊಂಡು ಬನ್ನಿ. ವೂಲ್ಫ್‌ಗಾಂಗ್ ಥೊಯರ್‌ಕಾಫ್ ಅನ್ನೋ ಜರ್ಮನಿಯವರು 1981ರಲ್ಲಿ ಶುರು ಮಾಡಿದ್ದು, ಮಳೆಕಾಡಿನ ಅಪರೂಪದ ಗಿಡಗಳನ್ನ ಅಲ್ಲಿ ಕೈಯಾರೆ ಸಾಕಿಕೊಂಡು ಬಂದೋರಲ್ಲಿ ಹೆಚ್ಚಿನವರು ಸುತ್ತಮುತ್ತಲ ಹೆಣ್ಣುಮಕ್ಕಳು. ಜಾಗದ ಮಣ್ಣು, ನೆರಳು, ತೇವ ನೋಡಿ ನೋಡಿ ಕಲಿತವರು.

ಪ್ರಶ್ನೆ: ಭಾನುವಾರ ಶ್ರಮದಾನಕ್ಕೆ ಜನ ಬರ್ತಾರೆ, ಆದ್ರೆ ಕೆಲಸಕ್ಕಿಂತ ಹಾನಿನೇ ಜಾಸ್ತಿ ಆಗ್ತಿದೆ. ವೀಡ್ ಕಟ್ಟರ್‌ನಲ್ಲಿ ಸಸಿಗಳನ್ನೇ ಹೊಡೆದು ಹಾಕಿದ್ರು. — ಓದುಗರು, ಕುಶಾಲನಗರ

ಉತ್ತರ: ಹೊಸಬರ ಕೈಗೆ ವೀಡ್ ಕಟ್ಟರ್ ಕೊಡ್ಲೇಬೇಡಿ, ಅದು ಮಾಲಿಯವರ ಕೈಲಿ ಮಾತ್ರ ಇರ್ಲಿ. ಪ್ರತಿ ಸಸಿಗೂ ಎರಡು ಅಡಿ ದೂರಕ್ಕೆ ಮೂರು ಗೂಟ ನೆಟ್ಟು ಬಣ್ಣದ ಹಗ್ಗ ಸುತ್ತಿ, ಅದರೊಳಗೆ ಕೈಯಲ್ಲಿ ಮಾತ್ರ ಕಳೆ ಕೀಳೋದು ಅಂತ ಎಲ್ಲರಿಗೂ ಹೇಳಿ. ಶ್ರಮದಾನಕ್ಕೆ ಒಳ್ಳೇ ಕೆಲಸ ಕಮ್ಯುನಿಸ್ಟ್ ಗಿಡ ಅಂತ ಕರೆಯೋ ಕಳೆಯನ್ನ ಕೀಳೋದು, ಎಲ್ಲರಿಗೂ ಗುರುತು ಸಿಗುತ್ತೆ, ಮಳೆ ಬಿದ್ದು ಮಣ್ಣು ಸಡಿಲ ಇರೋವಾಗ ಬೇರು ಸಮೇತ ಬರುತ್ತೆ. ಚಳಿಗಾಲದಲ್ಲಿ ಅದು ಹೂ ಬಿಟ್ಟು ಬೀಜ ಹಾರಿಸೋಕೆ ಮುಂಚೆ, ಅಕ್ಟೋಬರ್ ಒಳಗೆ ಒಂದು ಸುತ್ತು ಮುಗಿಸ್ಬಿಡಿ. ಕಿತ್ತಿದ್ದನ್ನ ಬೇರು ಮೇಲೆ ಮಾಡಿ ಒಣಗೋಕೆ ಹಾಕಿ, ಮಳೇಲಿ ಹಾಗೇ ನೆಲದ ಮೇಲೆ ಬಿಟ್ರೆ ಮತ್ತೆ ಚಿಗುರುತ್ತೆ. ಇನ್ನು, ಮಾಲಿಯವರನ್ನ ಭಾನುವಾರ ಕರೆಸೋದಾದ್ರೆ ಆ ದಿನದ ಕೂಲಿ ಬಳಗದಿಂದ ಕೊಡಿ, ಏನ್ ಕೆಲಸ ಎಲ್ಲಿ ಅಂತ ಹೇಳೋದೂ ಅವರೇ ಆಗಿರ್ಲಿ.