ಎಳೆಯ ಬಿಳಿ ಬರ್ಗಂಡಿಯಲ್ಲಿ ಬೆಂಕಿಕಡ್ಡಿ ವಾಸನೆ: ವೈನ್ ಕೆಟ್ಟಿದೆಯೇ?

ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಬಿಳಿ ವೈನುಗಳಾದ ಮರ್ಸೋ ಅಥವಾ ಪುಲಿನಿ-ಮೋಂರಾಶೆಯ ಎರಡು-ಮೂರು ವರ್ಷದ ಬಾಟಲಿ ತೆರೆದ ಕೂಡಲೇ ಗೀರಿದ ಬೆಂಕಿಕಡ್ಡಿಯ ವಾಸನೆ ಬಂದರೆ ಹೆದರಬೇಡಿ. ಓಕ್ ಪೀಪಾಯಿಯಲ್ಲಿ ಯೀಸ್ಟಿನ ಗಸಿಯ ಮೇಲೆ, ಹೆಚ್ಚು ಗಾಳಿಯಾಡದೆ ತಿಂಗಳುಗಟ್ಟಲೆ ಕೂತ ಶಾರ್ಡೊನೆಯಲ್ಲಿ (ಈ ವೈನುಗಳ ದ್ರಾಕ್ಷಿ ತಳಿ) ಗಂಧಕದ ಸಂಯುಕ್ತಗಳು ಹುಟ್ಟುತ್ತವೆ. ಹಿತಮಿತವಾಗಿದ್ದರೆ ಅದೇ ಸೊಗಸು. ಅರ್ಧ ಗಂಟೆ ಡಿಕ್ಯಾಂಟರಿನಲ್ಲಿ (ವೈನಿಗೆ ಗಾಳಿಯಾಡಿಸುವ ಅಗಲ ಹೂಜಿ) ಇಟ್ಟು ಮತ್ತೆ ಮೂಸಿ. ಆಗಲೂ ಕೊಳೆತ ಮೊಟ್ಟೆಯ ನಾತ ಹೋಗದಿದ್ದರೆ ಅದು ದೋಷವೇ.

ಮೊದಲ ತಪ್ಪು ನಡೆಯುವುದು ಫ್ರಿಜ್ಜಿನಲ್ಲಿ. 5 ಡಿಗ್ರಿಯಲ್ಲಿ ಪರಿಮಳ ಮುದುಡಿ, ಹುಳಿಯೂ ಓಕಿನ ಒಗರೂ ಮಾತ್ರ ಎದ್ದು ಕಾಣುತ್ತವೆ. 12–13 ಡಿಗ್ರಿ ಸರಿ. ಅಗಲ ಹೊಟ್ಟೆಯ ಗ್ಲಾಸಿನಲ್ಲಿ ಮೂರನೇ ಒಂದು ಭಾಗ ಸಾಕು.

ಬಣ್ಣ ತಿಳಿ ನಿಂಬೆಹಳದಿ ಇರಬೇಕು. ಈ ವಯಸ್ಸಿಗೇ ಗಾಢ ಚಿನ್ನದ ಬಣ್ಣ, ಜಜ್ಜಿದ ಸೇಬಿನ ವಾಸನೆ ಇದ್ದರೆ ಅಕಾಲದ ಉತ್ಕರ್ಷಣ, ಅಂದರೆ ಆಮ್ಲಜನಕ ತಗುಲಿ ವೈನ್ ಬೇಗ ಮುದಿಯಾಗಿದೆ. 1990ರ ದಶಕದ ಮಧ್ಯಭಾಗದ ವೈನುಗಳಿಂದೀಚೆಗೆ ಬರ್ಗಂಡಿಯನ್ನು ಕಾಡಿದ ಪೀಡೆ ಇದು. ಒದ್ದೆ ರಟ್ಟಿನ ವಾಸನೆ ಬಂದರೆ ಕಾರ್ಕಿನ ದೋಷ, ಬಾಟಲಿ ವಾಪಸ್.

ಬಾಯಲ್ಲಿ ಒಂದು ಗುಟುಕನ್ನು ಹತ್ತು ಸೆಕೆಂಡು ಆಡಿಸಿ. ವೆನಿಲ್ಲಾ, ಸುಟ್ಟ ಬ್ರೆಡ್ಡಿನ ರುಚಿಯನ್ನು ನೆಚ್ಚಿ ಅಂಕ ಕೊಡಬೇಡಿ, ಅದು ಪೀಪಾಯಿಯ ಕೊಡುಗೆ. ಬೆಣ್ಣೆಯ ಛಾಯೆ ಮ್ಯಾಲಿಕ್ ಆಮ್ಲ ಲ್ಯಾಕ್ಟಿಕ್ ಆಗುವಾಗ ಬರುವಂಥದ್ದು. ನುಂಗಿದ ಮೇಲೆ ಎಣಿಸಿ: ಓಕ್ ಮರೆಯಾದ ಬಳಿಕವೂ ನಿಂಬೆ, ಬಿಳಿ ಪೀಚ್, ಉಪ್ಪಿನಂಥ ಚುರುಕು ಇಪ್ಪತ್ತು ಸೆಕೆಂಡು ಉಳಿದರೆ ವೈನಿಗೆ ಕಸುವಿದೆ. ಬರೀ ಓಕ್ ಉಳಿದರೆ, ಲೇಬಲ್ ಎಷ್ಟೇ ದೊಡ್ಡದಿರಲಿ, ನಾನಂತೂ ಕೂಡಿಡುವುದಿಲ್ಲ.