ಲೋಕಲ್ ಹತ್ತಬೇಕು ಅಂತ ನೀರು ಕುಡಿಯುವುದನ್ನು ಬಿಡಬೇಡಿ

ಪ್ರಶ್ನೆ: ಡಾಕ್ಟರಮ್ಮ, ನನಗೆ 47 ವರ್ಷ. ಮನೆ ಡೊಂಬಿವಲಿ, ಆಫೀಸು ಫೋರ್ಟ್. ಒಂದು ವರ್ಷದಿಂದ ಒಂದಕ್ಕೆ ಬಂತು ಅಂದ್ರೆ ತಡೆಯೋಕೇ ಆಗ್ತಿಲ್ಲ. ಬೆಳಿಗ್ಗೆ ಫಾಸ್ಟ್ ಲೋಕಲ್ ಹತ್ತಿದರೆ ಠಾಣೆ ದಾಟುವಷ್ಟರಲ್ಲಿ ಒತ್ತಿಕೊಂಡು ಬರುತ್ತದೆ. ಒಮ್ಮೆ ಮಧ್ಯದಲ್ಲೇ ಇಳಿದು ಓಡಿದೆ, ಬ್ರಿಜ್ಜಿನ ಮೆಟ್ಟಿಲ ಮೇಲೇ ಸಲ್ವಾರ್ ಒದ್ದೆಯಾಯಿತು. ಅಂದಿನಿಂದ ಬೆಳಿಗ್ಗೆ ನೀರು ಕುಡಿಯುವುದನ್ನೇ ಬಿಟ್ಟಿದ್ದೇನೆ. ಒಂದು ಲೋಟ ಚಹಾ ಅಷ್ಟೇ. ಆಫೀಸಿನಲ್ಲಿ ಬರಲಿ ಬಿಡಲಿ, ಅರ್ಧ ಗಂಟೆಗೊಮ್ಮೆ ಹೋಗಿ ಬರುತ್ತೇನೆ. ಸಂಜೆ ಮನೆ ಬಾಗಿಲ ಬೀಗ ತೆಗೆಯುವಷ್ಟು ಹೊತ್ತೂ ತಡೆಯಲಾಗುವುದಿಲ್ಲ. ಯೂರಿನ್ ಟೆಸ್ಟ್, ಶುಗರ್ ಎರಡೂ ನಾರ್ಮಲ್. ಗರ್ಭಕೋಶ ತೆಗೆಸಿಬಿಡು, ಸರಿಹೋಗುತ್ತೆ ಅಂತ ಅತ್ತಿಗೆ ಹೇಳುತ್ತಾರೆ. ನಮ್ಮ ಯಜಮಾನರಿಗೆ ಇನ್ನೂ ಹೇಳಿಲ್ಲ. ಮೇ ತಿಂಗಳಲ್ಲಿ ತಮ್ಮನ ಮಗಳ ಮದುವೆಗೆ ಮಂಗಳೂರಿಗೆ ಹೋಗಬೇಕು. ಅಷ್ಟು ದೂರ ಹೇಗೆ ಹೋಗಲಿ?
– ಹೆಸರು ಬೇಡ, ಡೊಂಬಿವಲಿ

ಉತ್ತರ: ಗರ್ಭಕೋಶ ತೆಗೆಸುವ ಮಾತನ್ನು ಇವತ್ತೇ ಬಿಟ್ಟುಬಿಡಿ. ನಿಮ್ಮ ತೊಂದರೆ ಇರುವುದು ಮೂತ್ರಕೋಶದಲ್ಲಿ. ಗರ್ಭಕೋಶ ತೆಗೆದರೆ ಅದು ವಾಸಿಯಾಗುವುದಿಲ್ಲ. ಮುಲುಂಡಿನ ನನ್ನ ಕ್ಲಿನಿಕ್ಕಿಗೆ ಬರುವ ಹೆಂಗಸರು ಮಂಡಿನೋವು, ಬಿಪಿ ಅಂತ ಬಂದು, ಎದ್ದು ಹೊರಡುವಾಗ ಬಾಗಿಲ ಹತ್ತಿರ ನಿಂತು ಈ ವಿಷಯ ಎತ್ತುತ್ತಾರೆ. ನೀವು ನೇರವಾಗಿ ಬರೆದು ಕೇಳಿದ್ದು ಬಹಳ ಒಳ್ಳೆಯದಾಯಿತು.

ನೀವು ಹೇಳಿರುವುದೆಲ್ಲ ಓವರ್‌ಆಕ್ಟಿವ್ ಬ್ಲಾಡರ್‌ನ ಲಕ್ಷಣಗಳು. ದೊಡ್ಡವರ ಮೂತ್ರಕೋಶ ಸುಮಾರು 300ರಿಂದ 500 ಎಂಎಲ್ ಹಿಡಿಯುತ್ತದೆ. 150-200 ಆದಾಗ ಮೊದಲ ಸೂಚನೆ ಬರುತ್ತದೆ. ‘ಇರಲಿ, ಆಮೇಲೆ’ ಅಂತ ಮೆದುಳು ತಡೆದು ಹಿಡಿಯುತ್ತದೆ, ಮೂತ್ರಕೋಶದ ಸ್ನಾಯು ಸುಮ್ಮನಿರುತ್ತದೆ. ನಿಮ್ಮಲ್ಲಿ ಆ ಸ್ನಾಯು ಕೋಶ ತುಂಬುವ ಮೊದಲೇ ತಾನಾಗಿ ಹಿಂಡಿಕೊಳ್ಳುತ್ತಿದೆ. ಇದ್ದಕ್ಕಿದ್ದ ಹಾಗೆ ಅಷ್ಟು ಅವಸರವಾಗುವುದು ಅದಕ್ಕೇ. ಬೀಗಕ್ಕೆ ಕೈ ಹಾಕಿದಾಗ, ನಲ್ಲಿಯ ಸದ್ದು ಕೇಳಿದಾಗ ಅವಸರ ಜೋರಾಗುವುದೂ ಇದರದ್ದೇ ಗುರುತು. ಮನೆ ಬಂತು, ಬಾತ್‌ರೂಮ್ ಹತ್ತಿರವಿದೆ ಅನ್ನುವುದು ಮೆದುಳಿಗೆ ರೂಢಿಯಾಗಿಬಿಟ್ಟಿರುತ್ತದೆ. ಕೆಮ್ಮಿದಾಗ, ಸೀನಿದಾಗ, ಬಕೆಟ್ ಎತ್ತಿದಾಗ ಸೋರುವುದು ಬೇರೆ ತೊಂದರೆ, ಅದಕ್ಕೆ ಚಿಕಿತ್ಸೆಯೂ ಬೇರೆ. ಕೆಲವರಿಗೆ ಎರಡೂ ಇರುತ್ತವೆ. ಹಾಗಾಗಿ ಯಾವಾಗ ಸೋರುತ್ತದೆ ಅನ್ನುವುದನ್ನು ಡಾಕ್ಟರಿಗೆ ಸರಿಯಾಗಿ ಹೇಳಬೇಕು.

ನೀರು ಬಿಟ್ಟಿದ್ದೇನೆ ಅಂತ ಬರೆದಿದ್ದೀರಲ್ಲ, ನನಗೆ ತುಂಬಾ ಸಂಕಟವಾದದ್ದು ಆ ಸಾಲು ಓದಿ. ಈ ಊರಿನಲ್ಲಿ ಎಷ್ಟೋ ಹೆಂಗಸರು ಹೀಗೇ ಬಾಯಿ ಒಣಗಿಸಿಕೊಂಡು ಓಡಾಡುತ್ತಿದ್ದಾರೆ. ಲೋಕಲ್ ರೈಲಿನಲ್ಲಿ ಟಾಯ್ಲೆಟ್ ಇಲ್ಲ. ಹೊರಗಿನ ಶೌಚಾಲಯಗಳಲ್ಲಿ ಗಂಡಸರು ಪುಕ್ಕಟೆ ಹೋಗಿಬರುವಾಗ ಹೆಂಗಸರು ಯಾಕೆ ದುಡ್ಡು ಕೊಡಬೇಕು ಅಂತ ಕೇಳುವುದಕ್ಕೆ 2011ರಲ್ಲಿ ಮುಂಬಯಿಯ ಹೆಂಗಸರು ‘ರೈಟ್ ಟು ಪೀ’ ಅನ್ನುವ ಚಳವಳಿಯನ್ನೇ ಶುರುಮಾಡಬೇಕಾಯಿತು. ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೆ ನೀರು ಕಡಿಮೆಯಾದರೆ ಮೂತ್ರ ಕಡು ಹಳದಿಯಾಗಿ ಮೂತ್ರಕೋಶಕ್ಕೆ ಇನ್ನಷ್ಟು ಕಿರಿಕಿರಿ ಮಾಡುತ್ತದೆ. ಹೊಟ್ಟೆ ಕಟ್ಟುತ್ತದೆ, ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ. ಇನ್ಫೆಕ್ಷನ್, ಕಲ್ಲು ಬೇರೆ.

ಬೆಳಿಗ್ಗೆ ಎದ್ದ ಕೂಡಲೇ ಒಂದು ಲೋಟ ನೀರು ಕುಡಿಯಿರಿ. ಮನೆ ಬಿಡುವಷ್ಟರಲ್ಲಿ ಅದು ಇಳಿದುಹೋಗುವಷ್ಟು ಸಮಯ ಇರಲಿ. ರೈಲಿನಲ್ಲಿ ಬಾಯಾರಿದರೆ ಗುಟುಕು ಗುಟುಕಾಗಿ. ಆಫೀಸು ತಲುಪಿದ ಮೇಲೆ ಇನ್ನೊಂದು ಲೋಟ. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಹಂಚಿಕೊಂಡು ಕುಡಿದರೆ ಸಾಕು, ಸೆಕೆಗಾಲದಲ್ಲಿ ಸ್ವಲ್ಪ ಜಾಸ್ತಿ. ಬಿಡಬೇಕಾದದ್ದು ಆ ಬೆಳಗಿನ ಚಹಾ. ಚಹಾ, ಕಾಫಿ, ಕೋಲಾದಲ್ಲಿರುವ ಕೆಫೀನ್ ಅವಸರವನ್ನು ಹೆಚ್ಚಿಸುತ್ತದೆ. ಒಂದೇ ಸಲ ಪೂರ್ತಿ ಬಿಟ್ಟರೆ ತಲೆನೋವು ಬರಬಹುದು. ದಿನದ ಕಟಿಂಗ್ ಚಹಾಗಳನ್ನು ಒಂದೊಂದಾಗಿ ಕಡಿಮೆ ಮಾಡುತ್ತಾ ಬನ್ನಿ.

ಮಾತ್ರೆಗಿಂತ ಮೊದಲು ನಿಮ್ಮಿಂದ ನನಗೆ ಬೇಕಾದದ್ದು ಮೂರು ದಿನದ ಲೆಕ್ಕ. ಎಂಎಲ್ ಗೆರೆ ಇರುವ ಪ್ಲಾಸ್ಟಿಕ್ ಜಗ್ ಒಂದು ತಂದು ಬಾತ್‌ರೂಮಿನಲ್ಲಿಡಿ. ಎಷ್ಟು ಗಂಟೆಗೆ ಏನು ಕುಡಿದಿರಿ, ಎಷ್ಟು ಗಂಟೆಗೆ ಹೋದಿರಿ, ಎಷ್ಟು ಎಂಎಲ್ ಬಂತು, ಅವಸರ ಎಷ್ಟಿತ್ತು, ಸೋರಿತಾ, ಇಷ್ಟು ಬರೆಯಿರಿ. ಶನಿವಾರ, ಭಾನುವಾರ ಸೇರಿಸಿಕೊಂಡರೆ ಸುಲಭ. ಭಾಂಡುಪ್‌ನ ಟೀಚರ್ ಒಬ್ಬರು ಇದನ್ನು ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆದು ತಂದಿದ್ದರು. 10.15 ಚಹಾ. 10.40ಕ್ಕೆ 80 ಎಂಎಲ್, ತುಂಬಾ ಅವಸರ. 11.10ಕ್ಕೆ 60 ಎಂಎಲ್, ತುಂಬಾ ಅವಸರ. ಹೀಗೇ ಪುಟ ತುಂಬಾ. ಮೇಲ್ಗಡೆ ಬೆಳಗಿನ ಜಾವದ ಒಂದೇ ಒಂದು ಸಾಲು: 6.00ಕ್ಕೆ 350 ಎಂಎಲ್. ಆ ಸಾಲಿನ ಕೆಳಗೆ ನಾನು ಪೆನ್ನಿನಿಂದ ಗೆರೆ ಎಳೆದು ತೋರಿಸಿದೆ. ರಾತ್ರಿಯಿಡೀ 350 ಹಿಡಿದುಕೊಂಡ ಮೂತ್ರಕೋಶ ಹಗಲು 60ಕ್ಕೇ ಗಲಾಟೆ ಮಾಡುತ್ತಿದೆ ಅಂದರೆ ಅದು ಚಿಕ್ಕದಾಗಿಲ್ಲ, ಅದಕ್ಕೆ ಅಭ್ಯಾಸ ತಪ್ಪಿದೆ. ನಿಮ್ಮ ಲೆಕ್ಕದಲ್ಲೂ ಅಂಥ ಒಂದು ಸಾಲು ಸಿಗುತ್ತದಾ ನೋಡಿ.

ಆ ಅಭ್ಯಾಸವನ್ನು ಮತ್ತೆ ಕಲಿಸಬೇಕು. ‘ಸುಮ್ನೆ ಒಂದ್ಸಲ ಹೋಗಿಬಂದುಬಿಡೋಣ’ ಅಂತ ಅರ್ಧ ಗಂಟೆಗೊಮ್ಮೆ ಹೋಗುವುದು ನಿಲ್ಲಲಿ. ಈಗ ಅರ್ಧ ಗಂಟೆ ಅಂದರೆ ಮೊದಲ ವಾರ ಮುಕ್ಕಾಲು ಗಂಟೆ. ಅದು ಹಿಡಿತಕ್ಕೆ ಬಂದ ಮೇಲೆ ಒಂದು ಗಂಟೆ. ವಾರಕ್ಕೆ ಸುಮಾರು 15 ನಿಮಿಷದ ಹಾಗೆ ಮುಂದೂಡುತ್ತಾ ಎರಡೂವರೆ, ಮೂರು ಗಂಟೆಗೆ ತಲುಪಬೇಕು. ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ, ಕೆಲವು ದಿನ ಹಿಂದೆ ಬೀಳುತ್ತೀರಿ, ಪರವಾಗಿಲ್ಲ. ಶುರುಮಾಡುವುದು ರೈಲಿನಲ್ಲಿ ಬೇಡ. ರಜೆಯ ದಿನ ಮನೆಯಲ್ಲೇ ಶುರುಮಾಡಿ.

ಅವಸರ ಬಂದಾಗ ಓಡಬೇಡಿ. ಓಡಿದರೆ ಸೋರುವುದು ಜಾಸ್ತಿ. ನಿಂತಲ್ಲೇ ನಿಲ್ಲಿ, ಇಲ್ಲವೇ ಕೂತುಬಿಡಿ. ಗಾಳಿ ಹೋಗದ ಹಾಗೆ ತಡೆಯುವ ಸ್ನಾಯು ಇದೆಯಲ್ಲ, ಅದನ್ನು ಐದಾರು ಸಲ ಚಕಚಕನೆ ಬಿಗಿದು ಬಿಡಿ. ಹಾಗೆ ಬಿಗಿದಾಗ ಮೂತ್ರಕೋಶದ ಸ್ನಾಯು ಸಡಿಲವಾಗುತ್ತದೆ. ನಿಧಾನವಾಗಿ ಉಸಿರಾಡಿ. ಮನಸ್ಸನ್ನು ಬೇರೆ ಕಡೆ ತಿರುಗಿಸಿ, ಮುಂದಿನ ಸ್ಟೇಷನ್‌ಗಳ ಹೆಸರನ್ನು ಹಿಂದುಮುಂದಾಗಿ ಹೇಳಿಕೊಂಡರೂ ಸರಿ. ಅವಸರ ಮೇಲೇರಿ ಒಂದೆರಡು ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ. ಇಳಿದ ಮೇಲೆ ನಡೆದುಕೊಂಡು ಹೋಗಿ. ಲೇಡೀಸ್ ಡಬ್ಬಿಯ ನೂಕುನುಗ್ಗಲಲ್ಲಿ ನಿಂತು ಇದನ್ನು ಮಾಡಿದರೆ ಪಕ್ಕದವರಿಗೂ ಗೊತ್ತಾಗುವುದಿಲ್ಲ.

ಅದೇ ಸ್ನಾಯುವನ್ನು ದಿನಾ ಗಟ್ಟಿಮಾಡಬೇಕು. ಕೆಗೆಲ್ ವ್ಯಾಯಾಮ ಅಂತ ಕೇಳಿರಬಹುದು. ಒಂದು ಸಲಕ್ಕೆ ಎಂಟು ಬಿಗಿತ, ದಿನಕ್ಕೆ ಮೂರು ಸಲ, ಕಡಿಮೆ ಅಂದರೆ ಮೂರು ತಿಂಗಳು. ಮೊದಮೊದಲು ಮೂರು ಸೆಕೆಂಡ್ ಹಿಡಿದರೆ ಸಾಕು, ಆಮೇಲೆ ಹತ್ತರವರೆಗೆ ಹೋಗಿ. ಹೊಟ್ಟೆ, ತೊಡೆ, ಪೃಷ್ಠ ಬಿಗಿಯಬಾರದು, ಉಸಿರು ಕಟ್ಟಬಾರದು. ಮೂತ್ರ ಹೋಗುತ್ತಿರುವಾಗ ಮಧ್ಯೆ ನಿಲ್ಲಿಸಿ ಅಭ್ಯಾಸ ಮಾಡಬೇಡಿ. ಸರಿಯಾದ ಸ್ನಾಯು ಸಿಗುತ್ತಿಲ್ಲ ಅನಿಸಿದರೆ ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ಕಲಿತುಕೊಳ್ಳಿ.

ಇಷ್ಟು ಮಾಡಿಯೂ ಸಾಲದಿದ್ದರೆ ಮಾತ್ರೆಗಳಿವೆ. ಸಾಲಿಫೆನಾಸಿನ್, ಟಾಲ್ಟೆರೋಡಿನ್ ಗುಂಪಿನವು ಬಾಯಿ ಒಣಗಿಸುತ್ತವೆ, ಹೊಟ್ಟೆ ಕಟ್ಟಿಸುತ್ತವೆ. ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಇರುವವರು ಮೊದಲೇ ಡಾಕ್ಟರಿಗೆ ಹೇಳಬೇಕು. ಮಿರಾಬೆಗ್ರಾನ್ ಬೇರೆ ಜಾತಿಯ ಮಾತ್ರೆ, ಅದಕ್ಕೆ ಬಿಪಿ ನೋಡಿಕೊಳ್ಳುತ್ತಿರಬೇಕು. ಯಾವುದೇ ಆದರೂ ಪೂರ್ತಿ ಗುಣ ಕಾಣಿಸಲು ಕೆಲವು ವಾರ ಬೇಕು, ನಾಲ್ಕು ದಿನ ನುಂಗಿ ಬಿಡಬೇಡಿ. ಮುಟ್ಟು ನಿಲ್ಲುವ ಹೊತ್ತಿನಲ್ಲಿ ಒಣಗುವಿಕೆ, ಉರಿ ಇದ್ದರೆ ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಸಹಾಯ ಮಾಡುತ್ತದೆ. ಮಾತ್ರೆಯೂ ಆಗದವರಿಗೆ ಮೂತ್ರಕೋಶಕ್ಕೆ ಬೊಟಾಕ್ಸ್ ಇಂಜೆಕ್ಷನ್ ಇದೆ. ಕಾಲಿನ ಗಿಣ್ಣಿನ ಹತ್ತಿರದ ನರಕ್ಕೆ ವಾರಕ್ಕೊಮ್ಮೆ ಅರ್ಧ ಗಂಟೆಯಂತೆ 12 ವಾರ ಕೊಡುವ ಸಣ್ಣ ಕರೆಂಟಿನ ಚಿಕಿತ್ಸೆಯೂ ಇದೆ. ಮುಂಬಯಿ ಪಾಲಿಕೆಯ ಕೆಇಎಂ, ಸಾಯನ್ ಆಸ್ಪತ್ರೆಗಳಲ್ಲಿ ಯೂರಾಲಜಿ ವಿಭಾಗ ಇದೆ, ದುಡ್ಡಿನ ಚಿಂತೆಯಿಂದ ಮನೆಯಲ್ಲೇ ಕೂರಬೇಡಿ. ಮೂತ್ರದಲ್ಲಿ ರಕ್ತ, ಜ್ವರ, ಕಾಲು ಜೋಮು, ಇದ್ದಕ್ಕಿದ್ದಂತೆ ಮೂತ್ರ ಕಟ್ಟಿಕೊಳ್ಳುವುದು, ಇವುಗಳಲ್ಲಿ ಯಾವುದು ಕಂಡರೂ ಅವತ್ತೇ ತೋರಿಸಿ.

ಇನ್ನು ಮದುವೆ. ರಾತ್ರಿ ಬಸ್ಸು ಬೇಡ, ರೈಲಿಗೇ ಹೋಗಿ. ಕುರ್ಲಾದ ಎಲ್‌ಟಿಟಿಯಿಂದ (ಲೋಕಮಾನ್ಯ ತಿಲಕ್ ಟರ್ಮಿನಸ್) ಮತ್ಸ್ಯಗಂಧ ಎಕ್ಸ್‌ಪ್ರೆಸ್ ಇದೆ, ಪ್ರತಿ ಡಬ್ಬಿಯಲ್ಲೂ ಟಾಯ್ಲೆಟ್ ಇರುತ್ತದೆ. ಬಾಗಿಲ ಕಡೆಯ ಸೈಡ್ ಲೋವರ್ ಸಿಗುತ್ತದಾ ನೋಡಿ. ಪ್ಯಾಡ್ ಬೇಕಾದರೆ ಮೂತ್ರಕ್ಕೆಂದೇ ಮಾಡಿದ್ದನ್ನು ಕೊಳ್ಳಿ, ಮುಟ್ಟಿನ ಪ್ಯಾಡ್ ಅಷ್ಟು ಬೇಗ ಹೀರಿಕೊಳ್ಳುವುದಿಲ್ಲ. ಟಿಕೆಟ್ ಬುಕ್ ಮಾಡುವ ನೆಪದಲ್ಲೇ ಯಜಮಾನರಿಗೂ ವಿಷಯ ಹೇಳಿಬಿಡಿ. ಜೊತೆಯಲ್ಲಿ ಬರುವವರಿಗೆ ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ.

ಪ್ರಶ್ನೆ: ವಯಸ್ಸು 68. ಹೋಟೆಲಿನ ಗಲ್ಲಾದಲ್ಲಿ ಕೂತು ದುಡಿದು ಈಗ ನಿವೃತ್ತ. ರಾತ್ರಿ ನಾಲ್ಕೈದು ಸಲ ಏಳಬೇಕು. ಬಿಪಿ, ಶುಗರ್ ಮಾತ್ರೆ ಇದೆ. ಸಂಜೆ ಕಾಲು ಊದುತ್ತದೆ. ಪಕ್ಕದ ಮನೆಯವರು ತಾವು ನುಂಗುವ ಸಾಲಿಫೆನಾಸಿನ್ ಒಳ್ಳೆಯದು ಅಂದರು. ಮೆಡಿಕಲ್‌ನಿಂದ ತರಲೇ?
– ಓದುಗರೊಬ್ಬರು, ಗೋರೆಗಾಂವ್

ಉತ್ತರ: ತರಬೇಡಿ. ಈ ವಯಸ್ಸಿನ ಗಂಡಸರಲ್ಲಿ ಮೂತ್ರನಾಳದ ಸುತ್ತ ಇರುವ ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿರಬಹುದು. ಮೂತ್ರ ಸರಿಯಾಗಿ ಖಾಲಿಯಾಗದೆ ಉಳಿಯುತ್ತಿದ್ದರೆ, ಆ ಮಾತ್ರೆಯಿಂದ ಪೂರ್ತಿ ಕಟ್ಟಿಕೊಳ್ಳುವ ಅಪಾಯವಿದೆ. ಧಾರೆ ಸಣ್ಣಗಾಗಿದೆಯಾ, ಶುರುವಾಗಲು ಕಾಯಬೇಕಾ, ಕೊನೆಗೆ ಹನಿಹನಿ ಬೀಳುತ್ತದಾ ಅನ್ನುವುದನ್ನು ಡಾಕ್ಟರಿಗೆ ಹೇಳಿ. ಸೋನೋಗ್ರಫಿ ಮಾಡಿಸುವಾಗ, ಮೂತ್ರ ಮಾಡಿದ ಮೇಲೆ ಎಷ್ಟು ಉಳಿದಿದೆ ಅನ್ನುವುದನ್ನೂ ನೋಡಿಸಿ.

ನನಗೆ ನಿಮ್ಮ ಕಾಲಿನ ಊತದ ಮೇಲೇ ಹೆಚ್ಚು ಅನುಮಾನ. ಹಗಲು ಕಾಲಲ್ಲಿ ನಿಂತ ನೀರು, ಮಲಗಿದ ಮೇಲೆ ರಕ್ತಕ್ಕೆ ಸೇರಿ ಮೂತ್ರವಾಗಿ ಇಳಿಯುತ್ತದೆ. ನೀವೂ ಜಗ್ ಇಟ್ಟುಕೊಂಡು ಅಳೆಯಿರಿ. ಇಡೀ ದಿನದ ಮೂತ್ರದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ರಾತ್ರಿಯೇ ಬರುತ್ತಿದ್ದರೆ ಮೂತ್ರಕೋಶವನ್ನು ದೂರಿ ಪ್ರಯೋಜನವಿಲ್ಲ. ಮಧ್ಯಾಹ್ನ ಒಂದೆರಡು ಗಂಟೆ ಕಾಲನ್ನು ದಿಂಬಿನ ಮೇಲೆ ಎತ್ತರಕ್ಕಿಟ್ಟು ಮಲಗಿ. ಬಿಪಿಗೆ ನೀರಿಳಿಸುವ ಮಾತ್ರೆ ಇದ್ದರೆ ಅದನ್ನು ಯಾವ ಹೊತ್ತಿಗೆ ತೆಗೆದುಕೊಳ್ಳಬೇಕು ಅಂತ ಡಾಕ್ಟರಲ್ಲಿ ಕೇಳಿ, ನೀವಾಗಿ ಬದಲಿಸಬೇಡಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ ಶುಗರ್ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವುದರಿಂದ ಮೂತ್ರ ಜಾಸ್ತಿಯಾಗುತ್ತದೆ. ಜೋರಾಗಿ ಗೊರಕೆ ಹೊಡೆಯುತ್ತೀರಾ ಅಂತ ಮನೆಯವರನ್ನು ಕೇಳಿ, ನಿದ್ದೆಯಲ್ಲಿ ಉಸಿರು ಕಟ್ಟುವವರಿಗೂ ರಾತ್ರಿ ಮೂತ್ರ ಹೆಚ್ಚು. ಕಾಲಿನ ಊತಕ್ಕೆ ಹೃದಯ, ಮೂತ್ರಪಿಂಡದ ತಪಾಸಣೆಯೂ ಆಗಲಿ. ಅಲ್ಲಿಯವರೆಗೆ ಹಾಸಿಗೆಯಿಂದ ಬಾತ್‌ರೂಮಿನವರೆಗೆ ಒಂದು ಸಣ್ಣ ದೀಪ ಉರಿಯುತ್ತಿರಲಿ. ಕತ್ತಲಲ್ಲಿ ಬಿದ್ದು ಸೊಂಟ ಮುರಿದುಕೊಂಡವರನ್ನು ನಾನು ಬಹಳ ನೋಡಿದ್ದೇನೆ.

ಪ್ರಶ್ನೆ: ನಮ್ಮ ಅತ್ತೆಗೆ 79. ಮರೆವು ಶುರುವಾಗಿದೆ. ಬಾತ್‌ರೂಮ್ ತಲುಪುವ ಮೊದಲೇ ಸೀರೆ ಒದ್ದೆ. ಯಾವ ಮಾತ್ರೆ ಕೊಡಬಹುದು?
– ಸೊಸೆ, ವಾಶಿ

ಉತ್ತರ: ಮರೆವು ಇರುವವರಿಗೆ ಸಾಲಿಫೆನಾಸಿನ್, ಆಕ್ಸಿಬ್ಯುಟಿನಿನ್ ಥರದ ಮಾತ್ರೆಗಳಿಂದ ಗೊಂದಲ ಇನ್ನೂ ಹೆಚ್ಚಬಹುದು. ಡಾಕ್ಟರಿಗೆ ಮರೆವಿನ ವಿಷಯವನ್ನು ಮೊದಲೇ ಹೇಳಿ. ಇದು ಇತ್ತೀಚೆಗೆ ಇದ್ದಕ್ಕಿದ್ದಂತೆ ಜಾಸ್ತಿಯಾಗಿದ್ದರೆ ಯೂರಿನ್ ಟೆಸ್ಟ್ ಮಾಡಿಸಿ, ಹೊಟ್ಟೆ ಕಟ್ಟಿದೆಯಾ ನೋಡಿ.

ಮಾತ್ರೆಗಿಂತ ನಿಮ್ಮ ಕೈಯಲ್ಲೇ ಹೆಚ್ಚು ಇದೆ. ಎರಡು ಗಂಟೆಗೊಮ್ಮೆ ನೀವೇ ‘ಅತ್ತೆ, ಬಾತ್‌ರೂಮಿಗೆ ಹೋಗಿಬರೋಣ ಬನ್ನಿ’ ಅಂತ ಕರೆದುಕೊಂಡು ಹೋಗಿ. ಸೀರೆ, ಲಂಗದ ಗಂಟು ಬಿಚ್ಚುವಷ್ಟರಲ್ಲೇ ಹೊತ್ತು ಮೀರುತ್ತದೆ, ಮನೆಯಲ್ಲಿ ನೈಟಿ ಹಾಕಿಸಿ. ರಾತ್ರಿ ಹಾಸಿಗೆ ಪಕ್ಕ ಕಮೋಡ್ ಕುರ್ಚಿ ಇಡಿ. ಒದ್ದೆಯಾದಾಗ ಮೊಮ್ಮಕ್ಕಳ ಎದುರು ಏನೂ ಅನ್ನಬೇಡಿ, ಬಟ್ಟೆ ಬದಲಿಸಿ ಸುಮ್ಮನಾಗಿಬಿಡಿ. ಪ್ಯಾಡ್ ಹಾಕುತ್ತಿದ್ದರೆ ಒದ್ದೆಯಾದ ಕೂಡಲೇ ಬದಲಿಸಿ, ಚರ್ಮ ಕೆಂಪಾದರೆ ಬೇಗ ಹುಣ್ಣಾಗುತ್ತದೆ. ನಿಮಗೂ ಈ ಕೆಲಸ ಒಬ್ಬರಿಂದಲೇ ಆಗುವಂಥದ್ದಲ್ಲ. ರಾತ್ರಿಯ ಪಾಳಿಯನ್ನು ವಾರದಲ್ಲಿ ಕೆಲವು ದಿನವಾದರೂ ಅವರ ಮಗನೇ ವಹಿಸಿಕೊಳ್ಳಲಿ, ನಾನು ಹೇಳಿದೆ ಅಂತ ಹೇಳಿ.