ಬೋರ್ಡಿನ ಮೇಲಿನ ಸ್ಟೇಷನರಿ, ರಸ್ತೆಯಲ್ಲಿ ನಿಂತ ಸ್ಟೇಷನರಿ

ಒಂದೇ ಥರ ಕೇಳಿಸುವ ಇಂಗ್ಲಿಷ್ ಪದಗಳಲ್ಲಿ ನಿಮ್ಮ ತಲೆ ತಿನ್ನೋದು ಯಾವುದು, ಬರೆದು ಕಳಿಸಿ ಅಂತ ಕಳೆದ ತಿಂಗಳು ಕೇಳಿದ್ದೆ. ಹಾಸನ, ಚಿಕ್ಕಮಗಳೂರು ಕಡೆಯಿಂದಲೇ ಜಾಸ್ತಿ ಪತ್ರ ಬಂದಿವೆ. ನಾನೂ ಆ ಕಡೆಯವನು ಅನ್ನೋ ಸಲಿಗೆ ಇರಬೇಕು. ಕೆಲವಕ್ಕೆ ಉತ್ತರ ಇಲ್ಲಿದೆ.

ಪ್ರಶ್ನೆ: ಹಾಸನದಲ್ಲಿ ಪುಸ್ತಕ, ಪೆನ್ನಿನ ಅಂಗಡಿ ಇಟ್ಟಿದ್ದೇನೆ. ಮೊನ್ನೆ ಹೊಸ ಬೋರ್ಡ್ ಬರೆಸಿದೆ. ಕಾಲೇಜು ಹುಡುಗನೊಬ್ಬ ಬಂದು, ‘ಅಂಕಲ್, ಈ ಸ್ಟೇಷನರಿ ಅಂದ್ರೆ ನಿಂತಲ್ಲೇ ನಿಂತಿರೋದು’ ಅಂತ ನಕ್ಕು ಹೋದ. ಬೋರ್ಡಿಗೆ ದುಡ್ಡು ಕೊಟ್ಟಾಗಿದೆ. ಏನು ಮಾಡಲಿ?

ಉತ್ತರ: ಹುಡುಗ ಹೇಳಿದ್ದು ಸರಿ ಸ್ವಾಮಿ. ಕೊನೆಯಲ್ಲಿ ಎ-ಆರ್-ವೈ ಬಂದರೆ ಅಲ್ಲಾಡದೆ ನಿಂತದ್ದು, ಇ-ಆರ್-ವೈ ಬಂದರೆ ಪೆನ್ನು, ಪೇಪರ್, ಎನ್ವಲಪ್. ‘ಅಲ್ಲಾಡದ್ದು’ ಅನ್ನೋದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಎ ಇಂದಲೇ ಶುರು, ಎನ್ವಲಪ್ ಶುರುವಾಗೋದು ಇ ಇಂದ. ಇಷ್ಟು ನೆನಪಿಟ್ಟರೆ ಇನ್ನು ತಪ್ಪೋದಿಲ್ಲ.

ಆದರೆ ನಿಮ್ಮ ಬೋರ್ಡು ಪೂರ್ತಿ ಸುಳ್ಳು ಅಂತಲೂ ನಾನು ಹೇಳಲಾರೆ. ಯುರೋಪಿನಲ್ಲಿ ಹಿಂದೆ ಸಾಮಾನು ಹೊತ್ತುಕೊಂಡು ಊರೂರು ತಿರುಗಿ ಮಾರೋರೇ ಜಾಸ್ತಿ ಇದ್ದ ಕಾಲದಲ್ಲಿ, ಒಂದು ಕಡೆ ಅಂಗಡಿ ಹಾಕಿ ಕೂತು ಪುಸ್ತಕ ಮಾರುವವನಿಗೆ ‘ಒಂದೇ ಜಾಗದಲ್ಲಿ ಇರುವವನು’ ಅನ್ನೋ ಅರ್ಥದ ಲ್ಯಾಟಿನ್ ಪದದಿಂದ ‘ಸ್ಟೇಷನರ್’ ಅಂತ ಹೆಸರು ಬಂತು. ಅವನು ಮಾರೋ ಮಾಲೇ ಸ್ಟೇಷನರಿ. ಸಂತೆಯಿಂದ ಸಂತೆಗೆ ತಿರುಗುವವನಿಗೂ ಮಳಿಗೆ ಇಟ್ಟು ಕೂತವನಿಗೂ ಇರೋ ವ್ಯತ್ಯಾಸ, ಅಷ್ಟೆ. ನೀವು ನಿಂತಲ್ಲೇ ನಿಂತಿರೋದಕ್ಕೇ ಆ ಹೆಸರು! ಆ ಹುಡುಗ ಮತ್ತೆ ಬಂದರೆ ಇದನ್ನು ಹೇಳಿ. ಹೇಳಿ ಆದಮೇಲೆ ಪೇಂಟರ್ ಕರೆಸಿ ಎ ಅಳಿಸಿ ಇ ಬರೆಸಿ. ಒಂದೇ ಅಕ್ಷರ ತಾನೇ, ಪೂರ್ತಿ ಬೋರ್ಡಿನ ರೇಟು ಕೇಳಿದರೆ ಕೊಡಬೇಡಿ.

ಪ್ರಶ್ನೆ: ಅರಸೀಕೆರೆಯಲ್ಲಿ ಪಿಯುಸಿ ಓದುತ್ತಿದ್ದೇನೆ. ಬರೆಯೋದಕ್ಕೂ ರೈಟ್, ಸರಿ ಅನ್ನೋದಕ್ಕೂ ರೈಟ್. ರಾತ್ರಿಯೂ ನೈಟ್, ಕುದುರೆ ಮೇಲಿನ ವೀರನೂ ನೈಟ್. ಒಂದೇ ಥರ ಹೇಳೋದಾದರೆ ಒಂದೇ ಥರ ಬರೆಯೋದಕ್ಕೆ ಇಂಗ್ಲಿಷಿನವರಿಗೆ ಏನು ಕಷ್ಟ ಸಾರ್?

ಉತ್ತರ: ಒಳ್ಳೆ ಪ್ರಶ್ನೆ ಕಣಮ್ಮ, ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ತಗೊಳ್ತೀನಿ.

ಅವರು ಸುಮ್ನೆ ಕಷ್ಟ ಕೊಡೋದಕ್ಕೆ ಹಾಗೆ ಬರೆದದ್ದಲ್ಲ. ಒಂದು ಕಾಲದಲ್ಲಿ ಆ ಅಕ್ಷರಗಳನ್ನೆಲ್ಲ ಬಾಯಲ್ಲಿ ಹೇಳುತ್ತಲೇ ಇದ್ದರು. ವೀರ ನೈಟ್‌ನ ಮುಂದಿರೋ ‘ಕೆ’ಯನ್ನು ‘ಕ್ನ’ ಅಂತ ಸೇರಿಸಿ ಹೇಳುತ್ತಿದ್ದರು. ಚಾಕುವಿಗೂ ಮೊಣಕಾಲಿಗೂ ಇರೋ ‘ಕೆ’ ಅಂಥದ್ದೇ. ಬರೆಯೋ ರೈಟ್‌ನಲ್ಲಿ ‘ಡಬ್ಲ್ಯೂ’ ಕೇಳಿಸುತ್ತಿತ್ತು. ಸಮುದ್ರದ ‘ಸೀ’, ನೋಡುವ ‘ಸೀ’ ಎರಡರ ಸ್ವರವೇ ಬೇರೆ ಇತ್ತು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಮುದ್ರಣ ಯಂತ್ರ ತಂದ. ಅಚ್ಚಾಗುತ್ತಾ ಅಚ್ಚಾಗುತ್ತಾ ಸ್ಪೆಲಿಂಗ್ ನಿಧಾನಕ್ಕೆ ಗಟ್ಟಿಯಾಯಿತು, ಬಾಯಿ ಮಾತ್ರ ತನ್ನ ಪಾಡಿಗೆ ಬದಲಾಗುತ್ತಾ ಹೋಯಿತು. ಹೀಗೆ ಬೇರೆ ಬೇರೆ ಇದ್ದ ಪದಗಳು ಕಿವಿಗೆ ಒಂದಾದವು, ಕಾಗದದ ಮೇಲೆ ಬೇರೆಯಾಗೇ ಉಳಿದವು.

ನಮ್ಮಲ್ಲೂ ಬಾಯಿ ಬದಲಾಗಿದೆ. ಆದರೆ ನಾವು ಅದರ ಜೊತೆಗೆ ಬರವಣಿಗೆಯನ್ನೂ ಬದಲಾಯಿಸಿಕೊಂಡೆವು. ನಿಮ್ಮ ಜಿಲ್ಲೆಯದೇ ಉದಾಹರಣೆ ನೋಡು. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಸುಮಾರು 450ರದ್ದು. ಅದರಲ್ಲಿ ಆ ಊರಿನ ಹೆಸರು ಶುರುವಾಗೋದೇ ‘ಪ’ ಅಕ್ಷರದಿಂದ. ಹಳಗನ್ನಡದ ‘ಪಾಲ್’ ಈಗ ‘ಹಾಲು’ ಆದ ಹಾಗೆ ಊರಿನ ಹೆಸರೂ ‘ಹ’ ಆಯಿತು, ಬೋರ್ಡಿನಲ್ಲೂ ‘ಹ’ ಅಂತಲೇ ಬರೆದೆವು. ಇಂಗ್ಲಿಷಿನವರಾಗಿದ್ದರೆ ಬಸ್ಸಿನ ಬೋರ್ಡಿನಲ್ಲಿ ಇವತ್ತಿಗೂ ‘ಪ’ ಬರೆದು, ಕಂಡಕ್ಟರ್ ಮಾತ್ರ ‘ಹ’ ಅಂತ ಕೂಗುತ್ತಿದ್ದ.

ಅದೇ ಶಾಸನದಲ್ಲಿ ‘ಬಾಳ್ಗೞ್ಚು’ ಅಂತ ಒಂದು ಪದ ಇದೆ. ಯುದ್ಧದಲ್ಲಿ ಗೆದ್ದವನಿಗೆ ಅವನ ಕತ್ತಿ ತೊಳೆದು ಕೊಡುತ್ತಿದ್ದ ದತ್ತಿ ಅದು. ಇಲ್ಲಿ ‘ಬಾಳ್’ ಅಂದರೆ ಕತ್ತಿ. ಬದುಕು ಅನ್ನೋ ಅರ್ಥದ ಬಾಳಿಗೆ ಹಳಗನ್ನಡದಲ್ಲಿ ಬೇರೆ ಅಕ್ಷರ ಇತ್ತು, ‘ಬಾೞ್’ ಅಂತ. ಆ ‘ೞ’ ಬಾಯಿಂದ ಹೋಯಿತು, ಆಮೇಲೆ ಅಕ್ಷರಮಾಲೆಯಿಂದಲೂ ಹೋಯಿತು. ಈಗ ಎರಡೂ ‘ಬಾಳು’. ನಮಗೆ ಸ್ಪೆಲಿಂಗ್ ಕಾಟ ತಪ್ಪಿತು. ಆದರೆ ಎರಡೂ ಬೇರೆ ಬೇರೆ ಪದ ಅನ್ನೋ ಗುರುತೂ ಹೋಯಿತು, ಅಲ್ವಾ? ಇಂಗ್ಲಿಷಿನವರು ಗುರುತು ಉಳಿಸಿಕೊಂಡರು, ಕಾಟ ನಿಮಗೆ ಬಿಟ್ಟರು.

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಕಾಫಿ ತೋಟ. ಹೂಳು ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಬಿ-ಯು-ಆರ್-ವೈ. ನಾನು ‘ಬ್ಯೂರಿ’ ಅಂದರೆ ಮಗಳು ‘ಬೆರ್ರಿ’ ಅನ್ನಬೇಕು ಅಂತಾಳೆ. ಹಾಗಾದರೆ ಗಿಡದಲ್ಲಿ ಇರೋದು ಏನು?

ಉತ್ತರ: ಮಗಳೇ ಸರಿ. ಎರಡೂ ಬೆರ್ರಿನೇ. ಬೋರರ್ ಹುಳ ಬಿದ್ದ ಹಣ್ಣನ್ನು ಆಯ್ದು ಗುಂಡಿಯಲ್ಲಿ ಹೂತರೆ ನೀವು ಬೆರ್ರಿಯನ್ನು ಬೆರ್ರಿ ಮಾಡಿದ ಹಾಗೆ.

ಇದು ಹೀಗಾದದ್ದು ತಮಾಷೆಯಾಗಿದೆ. ಹಳೆ ಇಂಗ್ಲಿಷಿನ ಒಂದು ಸ್ವರ ಪಶ್ಚಿಮದ ಕಡೆ ‘ಯು’ ಅಂತ ಬರೆಯೋ ಹಾಗೆ ಆಯಿತು, ಆಗ್ನೇಯದ ಕೆಂಟ್ ಸೀಮೆಯಲ್ಲಿ ‘ಎ’ ಅನ್ನೋ ಹಾಗೆ ಕೇಳಿಸಿತು, ಇನ್ನೊಂದು ಕಡೆ ‘ಇ’ ಆಯಿತು. ಈ ಪದಕ್ಕೆ ಸ್ಪೆಲಿಂಗ್ ಒಂದು ಸೀಮೆಯಿಂದ ಬಂತು, ಉಚ್ಚಾರ ಕೆಂಟ್‌ನಿಂದ ಬಂತು. ‘ಬ್ಯುಸಿ’ ಅಂತೀವಲ್ಲ, ಅದರಲ್ಲೂ ‘ಯು’ ಬರೆದು ‘ಬಿಜಿ’ ಅಂತ ಓದೋದು ಇದೇ ಕಾರಣಕ್ಕೆ. ಧಾರವಾಡದವರ ಹಾಗೆ ಬರೆದು ಮಲೆನಾಡಿನವರ ಹಾಗೆ ಓದಿ ಅಂದರೆ ಹೇಗಿರುತ್ತೆ ಹೇಳಿ.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಹೋಂಸ್ಟೇ ಇದೆ. ಬೆಳಗಿನ ತಿಂಡಿಗೆ ದುಡ್ಡಿಲ್ಲ ಅಂತ ತಿಳಿಸೋದಕ್ಕೆ ‘ಕಾಂಪ್ಲಿಮೆಂಟರಿ’ ಅಂತ ಹಾಕಿಸಬೇಕು. ಎಲ್ ಆದಮೇಲೆ ಇ ಬರಬೇಕೋ, ಐ ಬರಬೇಕೋ?

ಉತ್ತರ: ಐ. ನಾನು ನೋಡಿರೋ ಬೋರ್ಡುಗಳಲ್ಲಿ ಅರ್ಧಕ್ಕರ್ಧ ಇ ಇದೆ, ನೀವು ಕೇಳಿದ್ದೇ ದೊಡ್ಡದು. ಐ ಇದ್ದರೆ ಮೆಚ್ಚುಗೆ, ಮರ್ಯಾದೆಗೆ ಕೊಡೋದು, ಬಿಟ್ಟಿ. ಇ ಇದ್ದರೆ ಒಂದಕ್ಕೊಂದು ಜೊತೆಯಾಗಿ ಪೂರ್ತಿ ಮಾಡೋದು. ‘ಕಂಪ್ಲೀಟ್’ ಅನ್ನೋದರಲ್ಲೂ ಎಲ್ ಆದಮೇಲೆ ಇ ಇದೆ ನೋಡಿ. ಕಡುಬಿಗೆ ಕೋಳಿಸಾರು ಇ. ಅದನ್ನು ತಿಂದು ಅತಿಥಿ ‘ಆಹಾ’ ಅಂದರೆ ಐ. ಬಿಲ್ ಹಾಕದಿದ್ದರೆ ಅದೂ ಐ.

ಪ್ರಶ್ನೆ: ಕಳೆದುಕೊಳ್ಳೋ ‘ಲೂಸ್’ಗೆ ಒಂದು ಓ, ಸಡಿಲ ‘ಲೂಸ್’ಗೆ ಎರಡು ಓ. ನಂಗೆ ಯಾವಾಗಲೂ ಅದಲು ಬದಲು. (ಬೇಲೂರಿನ ಓದುಗರು)

ಉತ್ತರ: ಇವು ಇಂಗ್ಲಿಷಿನವರ ಬಾಯಲ್ಲಿ ಒಂದೇ ಥರ ಇಲ್ಲ, ನಮ್ಮ ಕಿವಿಯಲ್ಲಿ ಮಾತ್ರ ಒಂದು. ಕಳೆದುಕೊಳ್ಳೋದರ ಕೊನೆಯಲ್ಲಿ ಜೇನುನೊಣ ಗುಂಯ್ ಅನ್ನೋ ಥರದ ಸದ್ದಿದೆ, ‘ಲೂಜ಼್’ ಅಂತ. ಅದು ಕನ್ನಡದ ಸ್ವಂತ ಸದ್ದಲ್ಲ, ಅದಕ್ಕೇ ನಾವು ‘ಸ’ ಮಾಡಿಕೊಂಡುಬಿಡುತ್ತೇವೆ. ಬೆಲೆಯ ‘ಪ್ರೈಸ್’, ಬಹುಮಾನದ ‘ಪ್ರೈಜ಼್’ ಕೂಡ ಹೀಗೇ. ಇಂಥ ಜೋಡಿಗಳಿಗೆ ಬಾಯಿಪಾಠ ಬೇಡ, ನಾಲ್ಕು ದಿನ ‘ಜ಼’ ಹಚ್ಚಿ ಜೋರಾಗಿ ಹೇಳಿ. ಸ್ಪೆಲಿಂಗಿಗೆ ಬೇಕಾದರೆ ಇದು: ಸಡಿಲ ಪ್ಯಾಂಟಿನಲ್ಲಿ ಜಾಗ ಜಾಸ್ತಿ, ಎರಡು ಓ ಹಿಡಿಸುತ್ತೆ. ಒಂದು ಓ ಕಳೆದುಹೋದರೆ ಕಳೆದುಕೊಂಡದ್ದು.

ಪ್ರಶ್ನೆ: ಸಕಲೇಶಪುರದಲ್ಲಿ ಡಿಟಿಪಿ ಅಂಗಡಿ. ‘ಲೈಸೆನ್ಸ್’ ಕೊನೆಗೆ ಸಿ-ಇ ಹಾಕಿದರೆ ಕಂಪ್ಯೂಟರ್ ಕೆಂಪು ಗೆರೆ ಎಳೆಯುತ್ತೆ, ಎಸ್-ಇ ಹಾಕಿದರೆ ಗಿರಾಕಿ ಬೈತಾರೆ.

ಉತ್ತರ: ಗಿರಾಕಿ ಪರ ನಾನು. ಬ್ರಿಟಿಷ್ ರೂಢಿಯಲ್ಲಿ ಕೈಯಲ್ಲಿ ಹಿಡಿಯೋ ಲೈಸೆನ್ಸಿಗೆ ಸಿ, ಕೊಡೋ ಕೆಲಸಕ್ಕೆ ಎಸ್. ನಮ್ಮ 1988ರ ಮೋಟಾರು ವಾಹನ ಕಾಯ್ದೆಯಲ್ಲೂ ಡ್ರೈವಿಂಗ್ ಲೈಸೆನ್ಸಿಗೆ ಸಿ-ನೇ. ಅಮೆರಿಕದವರು ಎರಡಕ್ಕೂ ಎಸ್ ಹಾಕುತ್ತಾರೆ. ನಿಮ್ಮ ಕಂಪ್ಯೂಟರ್ ಅಮೆರಿಕದ ಇಂಗ್ಲಿಷಿಗೆ ಸೆಟ್ ಆಗಿರಬೇಕು, ಭಾಷೆಯ ಸೆಟ್ಟಿಂಗಿನಲ್ಲಿ ಭಾರತದ್ದೋ ಬ್ರಿಟನ್ನಿನದೋ ಇಂಗ್ಲಿಷ್ ಆರಿಸಿಕೊಳ್ಳಿ. ಎಲ್ಲಿ ಸಿ, ಎಲ್ಲಿ ಎಸ್ ಅಂತ ಗೊಂದಲವಾದರೆ ‘ಅಡ್ವೈಸ್’ ನೆನೆಸಿಕೊಳ್ಳಿ. ಅಲ್ಲಿ ಸಲಹೆಗೆ ಸಿ, ಸಲಹೆ ಕೊಡೋದಕ್ಕೆ ಎಸ್, ಮೇಲೆ ಹೇಳಿದ ಗುಂಯ್ ಸದ್ದೂ ಕೇಳಿಸುತ್ತೆ.

ಪ್ರಶ್ನೆ: ಕಾಲೇಜಿನ ಪ್ರಿನ್ಸಿಪಾಲ್, ನೀತಿಯ ಪ್ರಿನ್ಸಿಪಲ್. ಯಾವುದಕ್ಕೆ ಯಾವ ಕೊನೆ? (ಕಡೂರು)

ಉತ್ತರ: ನಾನು ಪಿಯುಸಿಯಲ್ಲಿ ರಜಾ ಅರ್ಜಿಯ ಮೇಲೆ ತಪ್ಪು ಬರೆದು, ‘ಏನಪ್ಪಾ, ನನ್ನನ್ನ ಸಿದ್ಧಾಂತ ಮಾಡಿಬಿಟ್ಟಿದ್ದೀಯ’ ಅಂತ ಅನ್ನಿಸಿಕೊಂಡವನು. ನಾವು ಕನ್ನಡದಲ್ಲಿ ‘ಪಾಲ್’ ಅಂತ ಎಳೆದು ಹೇಳ್ತೀವಲ್ಲ, ಆ ಎಳೆತದಲ್ಲೇ ಎ-ಎಲ್ ಇದೆ. ಸಾಲದ ಅಸಲಿಗೂ ಇದೇ ಸ್ಪೆಲಿಂಗ್. ಅಸಲು ಅಂದರೂ ಎ ಇಂದ ಶುರು. ನೀತಿಗೆ ಎಲ್-ಇ.

ಪ್ರಶ್ನೆ: ಗಂಟೆ ಅನ್ನೋ ಪದದಲ್ಲಿ ‘ಹೆಚ್’ ಇದ್ದರೂ ‘ಅವರ್’ ಅನ್ನಬೇಕು ಅಂತಾರೆ. ನಮ್ಮ ಅಜ್ಜಿ ‘ಆಸನಕ್ಕೆ ಓಗ್ಬೇಕು’ ಅಂದರೆ ಮಾತ್ರ ಎಲ್ಲರೂ ನಗ್ತಾರೆ! (ಹೊಳೆನರಸೀಪುರ)

ಉತ್ತರ: ಗಂಟೆ, ಪ್ರಾಮಾಣಿಕತೆ, ಗೌರವ, ವಾರಸುದಾರ, ಈ ನಾಲ್ಕರ ಇಂಗ್ಲಿಷ್ ಪದಗಳಲ್ಲಿ ಹೆಚ್ ಮೂಕ. ನಾಲ್ಕೂ ಫ್ರೆಂಚ್ ಕಡೆಯಿಂದ ಬಂದವು, ಅಲ್ಲಿನವರು ಆಗಲೇ ಹೆಚ್ ನುಂಗಿಬಿಟ್ಟಿದ್ದರು. ಹಾಗಾಗಿ ‘ನಮ್ಮ’ ಅನ್ನೋ ‘ಅವರ್’, ‘ಗಂಟೆ’ ಅನ್ನೋ ‘ಅವರ್’ ಕಿವಿಗೆ ಒಂದೇ. ಅಜ್ಜಿ ಮಾಡೋದು ಫ್ರೆಂಚರು ಮಾಡಿದ್ದನ್ನೇ. ನಗೋರಿಗೆ ಹೀಗಂತ ಹೇಳಿ, ಅಜ್ಜಿಯನ್ನು ಆಸನಕ್ಕೆ ಕರ್ಕೊಂಡು ಓಗಿ.